ಜಾಲಿ ಕಿತ್ತ ದಂಡೆ

ನಮ್ಮ ಅಜ್ಜನ ಸಮಾಧಿ ಬೆಣ್ಣೆಹಳ್ಳದ ಪಾಲಾದದ್ದಕ್ಕೆ ಹಳ್ಳ ಎಷ್ಟು ಕಾರಣವೋ ನಾನೂ ಅಷ್ಟೇ ಕಾರಣ. ಹಳ್ಳಕ್ಕಾದರೂ ಬುದ್ಧಿ ಇಲ್ಲ ಎನ್ನಬಹುದು. ನಾನು ಡಿಗ್ರಿ ಮುಗಿಸಿದವನು.

ಕಂಡವರ ದನಿ ತೆಗೆದು ಅಣಕಿಸುವುದು ನನ್ನ ಚಟ. ರೋಣದ ಬಸ್ ಕಂಟ್ರೋಲರ್, ನಾನು ಕೆಲಸಕ್ಕಿರುವ ಮೊಬೈಲ್ ಅಂಗಡಿಯ ಮಾಲೀಕ, ಹೆಣ್ಣು ನೋಡಲು ಹೋಗಿ ಚಹಾ ಚೆಲ್ಲಿಕೊಂಡ ಸ್ವತಃ ನಾನು, ಹೀಗೆ ಯಾರನ್ನೂ ಬಿಟ್ಟಿಲ್ಲ.

ಯಾವಗಲ್ ಕಡೆಯ ನಮ್ಮ ಹೊಲ ಇರುವುದು ಹಳ್ಳ ಹೊರಳುವ ಮೂಲೆಯಲ್ಲಿ. ಹೊರಳುವಾಗ ನೀರು ನಮ್ಮ ದಂಡೆಗೆ ಗುದ್ದಿ, ಕಿತ್ತ ಮಣ್ಣನ್ನು ಕೆಳಗೆಲ್ಲೋ ಆಚೆ ದಂಡೆಗೆ ಬಿಟ್ಟುಹೋಗುತ್ತದೆ. ಪ್ರತಿ ಮಳೆಗಾಲಕ್ಕೆ ನಾವು ಸೊರಗುತ್ತೇವೆ, ಆಚೆಯವರು ಮೈತುಂಬಿಕೊಳ್ಳುತ್ತಾರೆ. ನಮ್ಮಲ್ಲಿ ಸತ್ತವರನ್ನು ಹೊಲದಲ್ಲೇ ಹುಗಿಯುವ ರೂಢಿ. ಅಜ್ಜನನ್ನು ಹುಗಿದಾಗ ಹಳ್ಳ ಎಲ್ಲೋ ದೂರದಲ್ಲಿತ್ತಂತೆ; ನಾನು ದೊಡ್ಡವನಾಗುವಷ್ಟರಲ್ಲಿ ಹತ್ತು ಹೆಜ್ಜೆಗೆ ಬಂದಿತ್ತು. ಆಯಿ, ಅಂದರೆ ನನ್ನ ಅಜ್ಜಿ, ಸಮಾಧಿಯ ಪಕ್ಕದಲ್ಲಿ ನಾಲ್ಕು ಕಲ್ಲು ನೆಟ್ಟು ತನ್ನ ಜಾಗ ಹಿಡಿದಿಟ್ಟಿದ್ದಳು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಎಂದು ನಾನೇ ಎಲ್ಲರನ್ನೂ ನಗಿಸಿದ್ದೆ.

ಹೋದ ಬೇಸಿಗೆಯಲ್ಲಿ ರೋಣದ ಆಫೀಸಿನಿಂದ ಮೈಸೂರು ಕಡೆಯ ಎಂಜಿನಿಯರ್ ಒಬ್ಬರು ಬಂದು ದಂಡೆ ನೋಡಿದರು. "ಕಲ್ಲಿನ ಗೋಡೆನೇ ಆಗ್ಬೇಕಪ್ಪಾ. ಮೇಲಕ್ಕೆ ಬರೀತೀನಿ" ಎಂದು ಹೋದರು. ಮೂರನೆಯ ದಿನ ನಾನು ಅಂಗಡಿಯ ಹೊಸ ಸಿಮ್ಮಿನಿಂದ, ಊರಲ್ಲಿ ಹೊಲ ನೋಡಿಕೊಳ್ಳುವ ಕಾಕಾನಿಗೆ, ಅಂದರೆ ಚಿಕ್ಕಪ್ಪನಿಗೆ, ಫೋನ್ ಹಚ್ಚಿ ಅದೇ ದನಿ ತೆಗೆದೆ.

"ನಿಮ್ಮ ಗೋಡೆ ಪಾಸಾಯ್ತಪ್ಪಾ. ಸೋಮವಾರ ಜೆಸಿಬಿ ಬರುತ್ತೆ. ದಂಡೆ ಮೇಲಿನ ಗಿಡಗಂಟಿ ತೆಗೆಸಿ ಇಡಿ."

"ಆತ್ರೀ ಸಾಹೇಬ್ರ, ಭಾಳ ಉಪಕಾರ ಆತ್ರೀ." ಕಾಕಾ ಇದನ್ನೇ ಮೂರು ಸಲ ಹೇಳಿದ. ನಾನು ಫೋನಿಟ್ಟು ಹೊಟ್ಟೆ ಹಿಡಿದು ನಕ್ಕೆ. ರವಿವಾರ ಊರಿಗೆ ಹೋಗಿ ಹೇಳಿಬಿಡುವುದು, ಬೈಸಿಕೊಳ್ಳುವುದು, ರೊಟ್ಟಿ ತಿನ್ನುವುದು ಎಂದುಕೊಂಡಿದ್ದೆ.

ಕಾಕಾ ಯಾವ ಕೆಲಸವನ್ನೂ ನಾಳೆಗೆ ಇಡುವವನಲ್ಲ. ನಾನು ಹೋಗುವಷ್ಟರಲ್ಲಿ ದಂಡೆಯ ಜಾಲಿಗಿಡಗಳೆಲ್ಲ ನೆಲಕ್ಕೆ ಬಿದ್ದಿದ್ದವು. ಕಡಿದಿದ್ದರೆ ಮಣ್ಣು ಹಿಡಿಯಲು ಬೇರಾದರೂ ಉಳಿಯುತ್ತಿತ್ತು. ಅವನು ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಬುಡಸಮೇತ ಕಿತ್ತಿದ್ದ.

"ಸಾಹೇಬ್ರು ಬಂದ್ರ ಒಂದ್ ಕಡ್ಡಿನೂ ಅಡ್ಡ ಬರಬಾರ್ದು, ಹೌದಿಲ್ಲೋ?" ಎಂದ.

"ಹೌದು ಕಾಕಾ" ಎಂದೆ. ರೊಟ್ಟಿ ತಿಂದೆ. ಹೇಳಲಿಲ್ಲ.

ಸೋಮವಾರ ಜೆಸಿಬಿ ಬರಲಿಲ್ಲ; ಸರ್ಕಾರಿ ಕೆಲಸ, ಇವತ್ತಲ್ಲ ನಾಳೆ ಬಂದೀತು ಎಂದು ಕಾಕಾ ಕಾದ. ಆ ಮಳೆಗಾಲ ನಮ್ಮಲ್ಲಿ ಮಳೆಯೇ ಬೀಳಲಿಲ್ಲ. ಹುಬ್ಬಳ್ಳಿ ಕಡೆ ಬಿದ್ದದ್ದು ಮರುದಿನ ಸುಡುಬಿಸಿಲಿನಲ್ಲಿ ರಾಡಿಯಾಗಿ ಇಳಿದು ಬಂತು. ಮೇಲಿನ ಎರೆಮಣ್ಣಿನ ತಂಟೆಗೇ ಹೋಗದೆ ಕೆಳಗಿನ ಸಡಿಲ ಗರಸು ಮಣ್ಣನ್ನು ಕೆರೆಯುತ್ತ ಒಳಹೊಕ್ಕಿತು. ದಂಡೆ ಸೂರಿನಂತೆ ನೀರಿನ ಮೇಲೆ ಚಾಚಿಕೊಂಡು, ಬೇಸಿಗೆಯ ಬಿರುಕಿದ್ದಲ್ಲಿ ಹೋಳುಹೋಳಾಗಿ ಕಳಚಿ ಬೀಳತೊಡಗಿತು. ಆಯಿ ಹೊಲದ ನಡುವೆ ನಿಂತು ನೋಡಿದಳು. ಮೊದಲು ಅವಳ ನಾಲ್ಕು ಕಲ್ಲು ಹೋದವು. ಸಂಜೆಯೊಳಗೆ ಅಜ್ಜನೂ ಹೋದ.

ಜಾಲಿ ಇದ್ದಿದ್ದರೆ ಇನ್ನೆರಡು ಮಳೆಗಾಲ ತಡೆಯುತ್ತಿತ್ತು, ಅಷ್ಟೇ ಎಂದು ಊರವರು ನನ್ನನ್ನು ಸಮಾಧಾನಪಡಿಸುತ್ತಾರೆ. ತನ್ನ ಜಾಗ ಸೇರುವ ತನಕ ಆಯಿಗೆ ಬೇಕಾಗಿದ್ದದ್ದೂ ಅಷ್ಟೇ.

ದಂಡೆ ಕುಸಿದ ಮರುದಿನ ಕಾಕಾ ಚಪ್ಪಲಿ ಮೆಟ್ಟಿದ. "ರೋಣಕ್ಕ ಹೋಗಿ ಆ ಎಂಜಿನಿಯರನ ಕೊಳ್ಳಪಟ್ಟಿ ಹಿಡೀತೀನಿ. ಜೆಸಿಬಿ ಎಲ್ಲೈತಿ ಅಂತ ಕೇಳ್ತೀನಿ."

ಪಾಪ, ಆ ಎಂಜಿನಿಯರ್ ಸುಮ್ಮನೆ ಹೊಡೆತ ತಿನ್ನುತ್ತಾರೆಂದು ಆಗ ಬಾಯಿಬಿಟ್ಟೆ. "ಆ ಫೋನ್ ಮಾಡಿದಾಂವ ನಾನ ಕಾಕಾ."

ಕಾಕಾ ಹೊಡೆದಿದ್ದರೆ ಚೆನ್ನಾಗಿತ್ತು. ಹೊಸ್ತಿಲ ಮೇಲೆ ಕುಳಿತು ಚಪ್ಪಲಿ ಬಿಚ್ಚಿಟ್ಟ, ಅಷ್ಟೇ. ಒಳಗಿದ್ದ ಆಯಿಗೂ ಕೇಳಿಸಿತ್ತು. ಅವಳ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಏನಾದರೂ ಅನ್ನಬೇಕಲ್ಲ ಎಂದು ಅಂದೆ: "ಆಯಿ, ಈ ಕಡೆ ಬೇವಿನ ಗಿಡದ ಬುಡಕ್ಕ ನಿನಗ ಚಲೋ ಜಾಗಾ ಮಾಡ್ತೀನಿ. ಹಳ್ಳ ಅಲ್ಲೀತನಕ ಬರಂಗಿಲ್ಲ."

"ಬ್ಯಾಡೋ ತಮ್ಮಾ," ಎಂದಳು ಆಯಿ. "ನನ್ನ ಆ ದಂಡಿ ಮ್ಯಾಗ ಹುಗೀರಿ. ಬರೂ ಮಳಿಗಾಲಕ್ಕ ಹಳ್ಳಾನ ನನ್ನ ನಿಮ್ಮಜ್ಜನ ಹತ್ತರ ಒಯ್ತೈತಿ."