ಅರಿಶಿನ ಕುಂಕುಮದ ಹೊಲ

ಅಮ್ಮನ ಬಲಗೈ ಬಲಗಾಲು ಬಿದ್ದುಹೋದಾಗ ನಾನು ದೊಡ್ಡಬಳ್ಳಾಪುರದಲ್ಲಿದ್ದೆ, ಗಂಡನ ಮನೆಯಲ್ಲಿ. ಅಪ್ಪ ತೀರಿಹೋಗಿ ಏಳೆಂಟು ವರ್ಷವಾಗಿತ್ತು. ಒಬ್ಬಳೇ ಮಗಳು ನಾನು. ನಮ್ಮಲ್ಲಿಗೇ ಬಂದಿರು ಎಂದರೆ ಅಮ್ಮ ಸುತರಾಂ ಒಪ್ಪಲಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಕೂತು ಉಣ್ಣುವುದಕ್ಕಿಂತ ಉಪವಾಸ ವಾಸಿ ಎನ್ನುವವಳು ಅವಳು. ನನ್ನ ಅತ್ತೆಯೂ ಬಲವಂತ ಮಾಡಲಿಲ್ಲವೆನ್ನಿ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ದೇವನಹಳ್ಳಿ ರಸ್ತೆಯಲ್ಲಿ ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುವ ಧರ್ಮದ ಮನೆಯೊಂದಿತ್ತು. ದಿಕ್ಕಿಲ್ಲದವರಿಗೆ ಪುಕ್ಕಟೆ. ಆಸ್ತಿ ಇದ್ದವರು ಅದರ ಉತ್ಪತ್ತಿಯನ್ನು ಬರೆದುಕೊಡಬೇಕು, ಮಕ್ಕಳಿದ್ದವರಿಗೆ ಮಕ್ಕಳು ಖರ್ಚು ಕೊಡಬೇಕು. ನನ್ನ ಗಂಡನ ಮಗ್ಗದ ದುಡಿಮೆಯೆಲ್ಲ ಅತ್ತೆಯ ಸೊಂಟದ ಸಂಚಿಯಲ್ಲಿತ್ತು.

ಅಮ್ಮನಿಗೆ ಎರಡು ಎಕರೆ ಹೊಲವಿತ್ತು. ಮದುವೆಯಲ್ಲಿ ತಾತ ಅವಳಿಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಅದನ್ನೇ ಬರೆದುಕೊಡೋಣ ಎಂದೆ.

"ನಂದೆಲ್ಲಿಂದ ಬಂತು? ನಿಮ್ಮಪ್ಪ ಹೋದ ದಿನಾನೇ ನಿಂದಾಯ್ತಲ್ಲ. ಕುಂಕುಮ ಇಡೋಳು ನೀನು. ನಾನು ಬರೀ ರಾಗಿ ಬಿತ್ತಿಸ್ಕೊಂಡು ಕಾಯ್ತಿದ್ದೆ ಕಣಮ್ಮ" ಎಂದಳು.

ವಕೀಲರೊಬ್ಬರನ್ನು ಕೇಳಿದೆ. "ಹೊಲ ನಿಮ್ಮ ತಾಯೀದೇ. ಕುಂಕುಮಕ್ಕೂ ಖಾತೆಗೂ ಏನಮ್ಮಾ ಸಂಬಂಧ?" ಎಂದು ನಕ್ಕರು. ಬರೆದುಕೊಡಬೇಕಾದರೆ ಅಮ್ಮನೇ ಮನಸಾರೆ ಒಪ್ಪಿ ಹೆಬ್ಬೆಟ್ಟು ಒತ್ತಬೇಕು ಎಂದೂ ಹೇಳಿದರು. ತನ್ನದಲ್ಲ ಎನ್ನುವ ಹೊಲಕ್ಕೆ ಅಮ್ಮ ಹೇಗೆ ಒತ್ತುತ್ತಾಳೆ? ನನ್ನದೆಂದು ನಾನು ರುಜು ಹಾಕಿದರೆ ಕಾನೂನು ಒಪ್ಪುವುದಿಲ್ಲ. ಅತ್ತ ದರಿ ಇತ್ತ ಪುಲಿ. ಯೋಚಿಸಿದಷ್ಟೂ ಗೋಜಲಾಯಿತು. ನಾಚಿಕೆಯಾದರೂ ಹೇಳಿಬಿಡುತ್ತೇನೆ, ಹೊಲ ಉಳಿದರೆ ನನಗೇ ತಾನೆ ಎಂಬ ಆಸೆಯೂ ನಡುವೆ ಇಣುಕಿ ಹೋಯಿತು.

ಏನೂ ತೀರ್ಮಾನವಾಗದೆಯೇ ಅಮ್ಮನನ್ನು ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಆ ಧರ್ಮದ ಮನೆಗೆ ಹೋದೆ. ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳೋಣ, ಅವರೇ ದಾರಿ ತೋರಿಸಲಿ ಎಂದುಕೊಂಡಿದ್ದೆ.

ಅಲ್ಲಿಯ ಗುಮಾಸ್ತ ಅಮ್ಮನನ್ನೇ ಕೇಳಿದ.

"ಆಸ್ತಿ?"

"ಏನೂ ಇಲ್ಲ ಸ್ವಾಮಿ."

"ಮಕ್ಕಳು?"

"ಅವ್ರೂ ಇಲ್ಲ."

ಅವನು ನನ್ನ ಕಡೆ ನೋಡಿದ. "ಮತ್ತೆ ಈಯಮ್ಮ?"

"ನಮ್ಮೂರೋಳು. ಪಾಪ, ಒಳ್ಳೇ ಹುಡ್ಗಿ. ಗಾಡೀಲಿ ಕರ್ಕೊಂಡ್ ಬಂದ್ಳು."

ನಾನು ಆಗಲೇ ಬಾಯಿ ಬಿಡಬೇಕಿತ್ತು. ಅಮ್ಮ ಆಡುತ್ತಿದ್ದ ಎಡಗೈಯಲ್ಲಿ ನನ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಸುಮ್ಮನಿರು ಅಂತಲೋ, ಬಿಟ್ಟು ಹೋಗಬೇಡ ಅಂತಲೋ, ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಗುಮಾಸ್ತ ಪುಸ್ತಕವನ್ನು ನನ್ನ ಕಡೆ ತಿರುಗಿಸಿದ. ಕರೆತಂದವರು ಎಂದಿದ್ದ ಕಡೆ ರುಜು ಹಾಕಿದೆ. ಪಕ್ಕದಲ್ಲಿ ಸಂಬಂಧ ಎಂದಿತ್ತು. ಅಲ್ಲಿ ಅವನೇ "ಇಲ್ಲ" ಎಂದು ಬರೆದುಕೊಂಡ.