ಪುಂಡಿ ನಾರಿನವ

ಸಂಸ್ಥಾನದ ಕಾಲದಲ್ಲಿ, ಬೆಳಗಲಿಯ ನಮ್ಮ ಓಣಿಯಲ್ಲಿ ಒಬ್ಬ ಹಗ್ಗದವನಿದ್ದ. ನಾರಿಗಾಗಿ ಹಳ್ಳದಲ್ಲಿ ಕೊಳೆಹಾಕಿದ ಪುಂಡಿ ಕಟ್ಟಿಗೆಯ ನಾತ ಅವನ ಮೈಬಿಟ್ಟು ಹೋಗುತ್ತಿರಲಿಲ್ಲ. ನಮ್ಮವ್ವ ಮೂಗು ಮುಚ್ಚಿಕೊಂಡರೆ ನಗುತ್ತಿದ್ದ: “ಮೆತ್ತಂದು ಕೊಳೀಲಿ ಬಿಡಬೇ. ಗಿಡಾ ನಿಂದ್ರಿಸಿದ ನಾರು ಉಳೀತೈತಿ.” ತಡವಾದರೆ ಆ ನಾರೂ ಕೊಳೆಯುತ್ತಿತ್ತು. ಅದಕ್ಕೇ ದಿನಾ ಹೋಗಿ ಸುಲಿದು ನೋಡುತ್ತಿದ್ದ.

ಅವನ ಹೆಂಡತಿಗೆ ಹೆರಿಗೆ ಬೇನೆ ಹತ್ತಿದ ದಿನ ಅವ್ವ ಬಾಗಿಲಲ್ಲೇ ತಡೆದಳು.

“ಲೇ ಹುಚ್ಚಾ, ಗಂಡನ ಹೆಸರು ಎಂದೂ ಹೇಳದಾಕಿ ಇವತ್ತ ಹೆಸರ ಹಿಡದ ಕರ್ಯಾಕತ್ತಾಳ. ಎಲ್ಲಿಗೆ ಹೊಂಟಿ?”

“ಇವತ್ತ ತೆಗೀಲಿಲ್ಲಂದ್ರ ನಾರು ಕೆಡತೈತಿ. ಈಗ ಬಂದೆನಬೇ.”

ಬರುವಷ್ಟರಲ್ಲಿ ಆಕೆ ಹೋಗಿದ್ದಳು. ಕೂಸು ಉಳಿದಿತ್ತು.

ಆ ವರ್ಷ ನಾರು ಭಾರಿ ಗಟ್ಟಿ ಬಂತು. ಅದರಲ್ಲಿ ತೊಟ್ಟಿಲ ಹಗ್ಗವೊಂದನ್ನು ಹೊಸೆದ. ಮಿಕ್ಕಿದ್ದನ್ನೆಲ್ಲ ಮತ್ತೆ ಹಳ್ಳದ ನೀರಿಗೆ ಹಾಕಿದ. ತೆಗೆಯಲು ಹೋಗಲೇ ಇಲ್ಲ.