ರೈಲು ಪಾಸು ಬೇಡವೆಂದವಳು ನಾನೇ

“ಪಾಸು ಬ್ಯಾಡ ಅಂದ್ರ ಬ್ಯಾಡ್ರಿ,” ಎಂದು ಶಿಗ್ಗಾಂವಿಯ ಟಿಕೀಟಿನ ಅಂಗಡಿಯಲ್ಲಿ ಕೂತು ನಾನು ಮೂರನೇ ಸಲ ಹೇಳಿದೆ. ಕಂಪ್ಯೂಟರಿನ ಮುಂದಿದ್ದ ಅಂಗಡಿಯವರು ಹಣೆ ಒರೆಸಿಕೊಂಡರು. ಹಾನಗಲ್ಲಿನ ಶಾಲೆಯಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಲೆಕ್ಕದಲ್ಲಿ ನನಗೆ ಬುದ್ಧಿ ಹೇಳಲು ಬಂದವರನ್ನು ಕಂಡರೆ ನೆತ್ತಿ ಬಿಸಿಯಾಗುತ್ತದೆ.

ಹೊರಟಿದ್ದದ್ದು ಅಕ್ಕ ಮತ್ತು ನಾನು, ಸ್ವಿಟ್ಜರ್ಲೆಂಡಿಗೆ. ಪಾಸು ಇದ್ದರೆ ಯಾವ ರೈಲನ್ನಾದರೂ ಯಾವ ಹೊತ್ತಿಗಾದರೂ ಹತ್ತಬಹುದು. ರಿಯಾಯಿತಿಯ ಬಿಡಿ ಟಿಕೀಟು ಅಗ್ಗ, ಆದರೆ ಅದರಲ್ಲಿ ಬರೆದ ಗಾಡಿಗೆ ಮಾತ್ರ. ನಮ್ಮದು ಮೂರೇ ಪ್ರಯಾಣ. ಪಾಸು ದಂಡ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

“ಅಕ್ಕಾರ, ಆ ಗಾಡಿ ತಪ್ಪಿದ್ರ ಟಿಕೀಟು ಮುಗೀತ್ರಿ ಮತ್ತ,” ಎಂದರು ಅಂಗಡಿಯವರು.

“ತಪ್ಪಿದ್ರ ಹಿಂದಿಂದು ಹತ್ತತೇವಿ. ಟೀಸಿಗೆ ಕೈ ಮುಗದ್ರಾತು. ಅವನೂ ಮನಷ್ಯಾ ಅಲ್ಲೇನ್ರಿ?”

ನಾವು ಬಸ್ಸಿನ ಮಂದಿ. ಸವಣೂರಿಗೆ ಅಕ್ಕನ ಮನೆಗೆ ಹೋಗುವಾಗ ಶಿಗ್ಗಾಂವಿಯಲ್ಲಿ ಒಂದು ಬಸ್ಸು ತಪ್ಪಿದರೆ ಚಹಾ ಕುಡಿದು ಇನ್ನೊಂದು ಹತ್ತುವುದು, ಹತ್ತಿದ ಮೇಲೆ ಟಿಕೀಟು ಕೇಳುವುದು. ಯಾರಾದರೂ ಓಡಿ ಬರುತ್ತಿದ್ದಾರೆಂದರೆ ಕಂಡಕ್ಟರು ಸೀಟಿ ಊದದೆ ಕಾಯುತ್ತಾನೆ. ಲೋಕವೆಲ್ಲ ಹೀಗೇ ಎಂದು ನನ್ನ ಭಂಡ ಧೈರ್ಯ.

ಅಕ್ಕ ಬರಲು ಒಪ್ಪಿದ್ದು ಒಂದೇ ಮಾತಿನ ಮೇಲೆ. ಮದುವೆಗೆ ಮೊದಲೇ ದೀಕ್ಷೆ ಪಡೆದವಳು. ಅಂದಿನಿಂದ ಜಳಕ ಮಾಡಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸುವ ತನಕ ಹನಿ ನೀರೂ ಬಾಯಿಗೆ ಹಾಕಿದವಳಲ್ಲ. “ಒಂದಿನಾನೂ ಪೂಜಿ ತಪ್ಪಬಾರದು ನೋಡವಾ. ತಪ್ಪತೈತಿ ಅಂದ್ರ ಈಗ ಹೇಳು, ನೀ ಒಬ್ಬಾಕೇ ಹೋಗು,” ಎಂದಿದ್ದಳು. ತಪ್ಪುವುದಿಲ್ಲ ಎಂದು ಅವಳ ಕೈ ಮೇಲೆ ಕೈ ಇಟ್ಟು ಹೇಳಿದವಳೂ ನಾನೇ.

ಸ್ವಿಟ್ಜರ್ಲೆಂಡಿನಲ್ಲಿ ಮೂರನೆಯ ದಿನ ಬೆಟ್ಟದಾಚೆಯ ಊರಿಗೆ ನಮ್ಮ ರೈಲು ಬೆಳಗಿನ ಏಳಕ್ಕೆ. ನಾವಿದ್ದ ವಸತಿಗೃಹದಲ್ಲಿ ನಾಲ್ಕು ಕೋಣೆಗೆ ಒಂದೇ ಬಚ್ಚಲು. ಅಕ್ಕ ಐದಕ್ಕೇ ಎದ್ದು ಟವೆಲು ಹಿಡಿದು ನಿಂತರೂ ಒಳಗಿದ್ದ ಪುಣ್ಯಾತ್ಮ ಹೊರಬರಲಿಲ್ಲ. ಅವಳು ಜಳಕ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ ನೆಲದ ಮೇಲೆ ಕೂತಾಗ ಆರೂವರೆ. ಸ್ಟೇಷನ್ನಿಗೆ ಇಪ್ಪತ್ತು ನಿಮಿಷದ ಹಾದಿ. ನಾನು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಗಡಿಯಾರ ನೋಡಿದೆ. ಕೆಮ್ಮಿದೆ. ಪೆಟ್ಟಿಗೆ ಎತ್ತಿ ಕುಕ್ಕಿದೆ.

“ಅಕ್ಕಾ, ಸಾಕ್ ಮಾಡಬೇ! ಗಾಡಿ ನಿನ್ನ ಪೂಜಿ ಮುಗಿಯೂ ಮಟಾ ನಿಂದರತೈತೇನು?”

ಅಕ್ಕನ ತುಟಿ ನಿಂತವು. ಅಂಗೈಯ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿನ ಕರಡಿಗೆಯಲ್ಲಿ ಇಟ್ಟು ಎದ್ದಳು. ಹೂವು ನೆಲದ ಮೇಲೆ ಹಾಗೇ ಉಳಿದವು.

ಓಡಿ ಹತ್ತಿದೆವು. ಬಾಗಿಲು ಮುಚ್ಚಿತು. ಗೆದ್ದೆ ಎನ್ನುವ ಹುರುಪಿನಲ್ಲಿ ನಾನು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಅವಳ ಮುಂದೆ ಹಿಡಿದೆ. ಅಕ್ಕ ಕಿಟಕಿಯ ಕಡೆ ತಿರುಗಿದಳು.

“ಪೂಜಿ ಆಗಿಲ್ಲಲ್ಲ.”

ಆಗ ನನಗೆ ನೆನಪಾಯಿತು: ಅಕ್ಕನಿಗೆ ಸಕ್ಕರೆ ಕಾಯಿಲೆ. ರಾತ್ರಿ ಗುಳಿಗೆ ನುಂಗಿ ಮಲಗಿದವಳು, ಬೆಳಗ್ಗೆ ಹೊಟ್ಟೆಗೆ ಏನೂ ಬೀಳದಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬೆಲ್ಲದ ಚೂರು ಬಾಯಿಯ ಹತ್ತಿರ ಒಯ್ದೆ. ತಲೆ ಅಲ್ಲಾಡಿಸಿದಳು. ಇಲ್ಲೇ ಪೂಜೆ ಮಾಡು ಎಂದೆ. ಎದುರಿನವರು ನಮ್ಮ ಸೀಟಿನ ತನಕ ಬೂಟುಗಾಲು ಚಾಚಿ ಕೂತಿದ್ದರು. “ಇದರಾಗ ಹೆಂಗ ಮಾಡ್ಲಿ?” ಎಂದಳು. ಅರ್ಧ ಗಂಟೆಯಲ್ಲಿ ಅವಳ ಬೆರಳು ನಡುಗತೊಡಗಿದವು. ಹಣೆಯ ವಿಭೂತಿ ಬೆವರಿಗೆ ಒದ್ದೆಯಾಯಿತು. ಎಂಥ ಕೆಟ್ಟ ಹೆಂಗಸು ನಾನು, ಅನಿಸಿತು.

ರೈಲು ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಧಾನವಾಯಿತು.

“ಏಳಕ್ಕಾ, ಇಳಿಯೂಣು.”

“ಟಿಕೀಟು?”

“ಟಿಕೀಟು ಹಾಳಾಗಿ ಹೋಗ್ಲಿ, ಏಳು!”

ಅವಳ ತೋಳು ಹಿಡಿದು ಇಳಿಸಿದೆ. ನಮ್ಮ ಸೀಟು ಹೊತ್ತು ಗಾಡಿ ಹೋಯಿತು. ತಂಗುಕೋಣೆಯಲ್ಲಿ ಯಾರೂ ಇರಲಿಲ್ಲ. ಅಕ್ಕ ನಲ್ಲಿಯಲ್ಲಿ ಕೈಕಾಲು, ಮುಖ ತೊಳೆದು ಬೆಂಚಿನ ಮೇಲೆ ಕೂತಳು. ಎಡಗೈ ನಡುಗುತ್ತಿತ್ತು, ಬಲಗೈಯನ್ನು ಕೆಳಗೆ ಆನಿಸಿ ಹಿಡಿದಳು. ಬಾಗಿಲ ಗಾಳಿ ತಾಗದಂತೆ ನಾನು ಶಾಲು ಬಿಚ್ಚಿ ಅಡ್ಡ ಹಿಡಿದು ನಿಂತೆ. ಬೇಗ ಮುಗಿಸು ಎಂದು ಆಗಲೂ ಒಳಗೊಳಗೆ ಬೇಡುತ್ತಿದ್ದೆ, ಆದರೆ ಬಾಯಿ ಬಿಡಲಿಲ್ಲ.

ಪೂಜೆ ಮುಗಿಸಿ ಬೆಲ್ಲ ತಿಂದು, ರೊಟ್ಟಿ ಮುರಿದು ನನಗೂ ಅರ್ಧ ಕೊಟ್ಟಳು. ನಡುಕ ನಿಲ್ಲುವ ತನಕ ನಾನು ಅವಳ ಕೈ ನೋಡುತ್ತಲೇ ಇದ್ದೆ. ನಿಂತ ಮೇಲೆ ಕೇಳಿದೆ.

“ಮುಗಿಸೇ ಬರ್ತೇನಿ ಅನ್ನಬೇಕಿಲ್ಲೋ? ಯಾಕ ಎದ್ದಿ?”

ಅಕ್ಕ ನನ್ನ ಮುಖ ನೋಡದೆ ಹೇಳಿದಳು: “ದೇವ್ರು ಕಾಯತಾನ ಅಂತ ಗೊತ್ತಿತ್ತವಾ. ನೀ ಕಾಯಂಗಿಲ್ಲ ಅಂತ ಅಂಜಿಕಿ ಬಂತು.”

ನನ್ನ ಪಾಲಿನ ರೊಟ್ಟಿಯನ್ನೂ ಅವಳ ಕೈಗೇ ಇಟ್ಟೆ. ಆಮೇಲೆ ಎರಡು ಗಾಡಿ ಬಂದು ನಿಂತು ಹೋದವು. ನಾನು “ಏಳಕ್ಕಾ” ಎನ್ನಲಿಲ್ಲ.